ಮಾವನ ಇಸುಬು ಮತ್ತು ಆರನೇ ಕ್ರೋಮೋಸೋಮು

ಐಟಿ ಕಂಪನಿಗಳಿಗೆ ಕಪ್ಪು ಟೀ-ಶರ್ಟ್ ಮೇಲೆ ಅದೇನು ಮೋಹವೋ ಗೊತ್ತಿಲ್ಲ. ಹೊಸ ಪ್ರಾಡಕ್ಟ್ ರಿಲೀಸ್ ಆದ್ರೆ ಕಪ್ಪು ಟೀ-ಶರ್ಟು, ಹ್ಯಾಕಥಾನ್ ಅಂದ್ರೆ ಕಪ್ಪು ಟೀ-ಶರ್ಟು, ಟೀಮ್ ಔಟಿಂಗಿಗೂ ಅದೇ. ನನ್ನ ಹತ್ತಿರ ಇಂಥವು ಒಂಬತ್ತಿವೆ. ಒಂದನ್ನೂ ಹಾಕೋದಿಲ್ಲ. ನೆತ್ತಿಯಿಂದ ಉದುರುವ ಬಿಳಿ ಹೊಟ್ಟು ಕಪ್ಪು ಬಟ್ಟೆಯ ಹೆಗಲ ಮೇಲೆ ಎದ್ದು ಕಾಣುವ ಹಾಗೆ ಬೇರೆಲ್ಲೂ ಕಾಣುವುದಿಲ್ಲ. ಪಕ್ಕದ ಸೀಟಿನವರು ಒಳ್ಳೆ ಮನಸ್ಸಿನಿಂದಲೇ ಯಾವುದಾದರೂ ಡ್ಯಾಂಡ್ರಫ್ ಶಾಂಪೂ ಹೆಸರು ಹೇಳ್ತಾರೆ. ನಾನೂ ಥ್ಯಾಂಕ್ಸ್ ಅಂತ ಸುಮ್ಮನಾಗ್ತೀನಿ. ಅದು ಡ್ಯಾಂಡ್ರಫ್ ಅಲ್ಲ, ಸೋರಿಯಾಸಿಸ್.

ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಹೊರತಂದ ವರದಿಯ ಪ್ರಕಾರ ಜಗತ್ತಿನಲ್ಲಿ ಕನಿಷ್ಠ 10 ಕೋಟಿ ಜನರಿಗೆ ಈ ತೊಂದರೆ ಇದೆ. ಇನ್ನೂರು ಜನ ಕೂರುವ ನಿಮ್ಮ ಫ್ಲೋರಿನಲ್ಲೂ ಒಬ್ಬರೋ ಇಬ್ಬರೋ ಇರಬಹುದು. ಬೇಸಿಗೆಯಲ್ಲೂ ಫುಲ್ ತೋಳಿನ ಶರ್ಟ್ ಹಾಕಿಕೊಂಡು, ಈಜುಕೊಳ ಇರುವ ರೆಸಾರ್ಟಿಗೆ ಹೋಗೋಣ ಅಂದಾಗ ಏನೋ ನೆಪ ಹೇಳಿ ತಪ್ಪಿಸಿಕೊಳ್ಳುವವರು.

ನಾನು ಸಕಲೇಶಪುರದ ಕಡೆಯ ಹಳ್ಳಿಯವನು. ನಮ್ಮೂರಲ್ಲಿ ಈ ಕಾಯಿಲೆಗೆ ಹೆಸರಿರಲಿಲ್ಲ. ಅಥವಾ ಬೇಕಾದಷ್ಟು ಹೆಸರಿದ್ದವು. ಅಮ್ಮನ ಅಣ್ಣ, ಅಂದರೆ ನನ್ನ ಸೋದರಮಾವನಿಗೆ ಇತ್ತು. ಕೆಲವರು ಇಸುಬು ಅಂತಿದ್ದರು, ಕೆಲವರು ಗಜಕರ್ಣ ಅಂತಿದ್ದರು, ಬೆನ್ನ ಹಿಂದೆ ಕುಷ್ಠ ಅಂತಲೂ ಅಂದವರಿದ್ದರು. ಮೊಣಕೈ, ಮೊಣಕಾಲು, ಸೊಂಟದ ಹಿಂದೆ, ತಲೆಯಲ್ಲಿ ಕೆಂಪಗೆ ದಪ್ಪಗೆ ಎದ್ದ ಚರ್ಮ, ಅದರ ಮೇಲೆ ಬೆಳ್ಳಿ ಬಣ್ಣದ ಹೊಟ್ಟು. ಅಜ್ಜನ ಮನೆಯಲ್ಲಿ ಮಾವನಿಗೆ ಬೇರೆ ಲೋಟ, ಬೇರೆ ಟವೆಲು, ಮಲಗೋದಕ್ಕೆ ಜಗುಲಿ. ಊರಿನ ಕ್ಷೌರದಂಗಡಿಯಲ್ಲಿ ಅವರ ತಲೆ ಮುಟ್ಟುತ್ತಿರಲಿಲ್ಲ, ಹಾಗಾಗಿ ಅಮ್ಮ ತವರಿಗೆ ಹೋದಾಗಲೆಲ್ಲ ಕತ್ತರಿ ಹಿಡಿದು ಅಣ್ಣನ ಕೂದಲು ಕತ್ತರಿಸುತ್ತಿದ್ದಳು. ಹೆಣ್ಣು ಕೊಡುವವರು ಸಿಗಲಿಲ್ಲ, ಮದುವೆಯಾಗಲಿಲ್ಲ.

ನಮ್ಮ ಕಡೆ ಚರ್ಮದ ಕಾಯಿಲೆ ಅಂದರೆ ಎಲ್ಲರಿಗೂ ಮೊದಲು ಬರುವ ಅನುಮಾನ ನಾಗದೋಷ. ಘಟ್ಟ ಇಳಿದರೆ ಕುಕ್ಕೆ. ಅಲ್ಲಿಗೆ ಹೋಗಿ ಸರ್ಪಸಂಸ್ಕಾರ ಮಾಡಿಸಿದ್ದೂ ಆಯಿತು. ಪೊರೆ ಬಿಡುವ ಹಾವಿಗೂ ಪೊರೆ ಬಿಡುವ ಮನುಷ್ಯನಿಗೂ ಸಂಬಂಧ ಕಲ್ಪಿಸಿದವರ ಕಣ್ಣು ಚುರುಕಾಗಿಯೇ ಇತ್ತು ಅಂತ ಈಗ ಅನ್ನಿಸುತ್ತದೆ. ಆದರೆ ದೋಷ ಅಂದಕೂಡಲೇ ಅದು ಯಾರದ್ದು ಅನ್ನುವ ಪ್ರಶ್ನೆ ಹುಟ್ಟುತ್ತದೆ. ಆ ಪ್ರಶ್ನೆ ಬಂದು ಅಮ್ಮನ ತವರುಮನೆಯ ಅಂಗಳದಲ್ಲಿ ಕೂತುಬಿಟ್ಟಿತು.

ನನಗೆ ಇದು ಬಂದಿದ್ದು 27ನೇ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿ. ಒಂದು ಜೋರು ಗಂಟಲು ನೋವು, ಜ್ವರ. ಅದು ವಾಸಿಯಾಗಿ ಎರಡು ವಾರಕ್ಕೆ ಹೊಟ್ಟೆ, ಬೆನ್ನ ಮೇಲೆಲ್ಲ ಯಾರೋ ಕೆಂಪು ನೀರು ಚಿಮುಕಿಸಿದ ಹಾಗೆ ಚುಕ್ಕೆಗಳು. ಕೆಲವು ತಿಂಗಳಲ್ಲಿ ಚುಕ್ಕೆಗಳು ಹೋದವು, ಮೊಣಕೈ ಮೇಲೆ ಪಟ್ಟೆ ಬಂತು. ಚರ್ಮದ ಡಾಕ್ಟರು ಐದು ನಿಮಿಷದಲ್ಲಿ ಹೆಸರು ಹೇಳಿದರು. ಮನೆಗೆ ಫೋನ್ ಮಾಡಿದೆ. ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಅಂದಳು, "ನಮ್ ಮನೆ ಕಡೆದೇ ನಿಂಗೂ ಬಂತಲ್ಲೋ."

ಮದುವೆ ಮಾತುಕತೆ ಶುರುವಾದಾಗ ನೆಂಟರದ್ದು ಒಂದೇ ಸಲಹೆ: "ಅದನ್ನೆಲ್ಲ ಹೇಳೋಕೆ ಹೋಗ್ಬೇಡ." ನಾನು ಹೇಳಿದೆ. ಅವಳು ಎರಡು ಪ್ರಶ್ನೆ ಕೇಳಿದಳು. "ಅಂಟತ್ತಾ?" ಇಲ್ಲ ಅಂದೆ. "ಮತ್ತೆ ಮಕ್ಕಳಿಗೆ?" ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಮದುವೆ ಆಯಿತು, ಪ್ರಶ್ನೆ ಹಾಗೇ ಉಳಿಯಿತು. ಅದಕ್ಕೆ ಉತ್ತರ ಹುಡುಕುತ್ತಾ ನಾನು ಓದಿಕೊಂಡಿದ್ದನ್ನು ಇಲ್ಲಿ ಬರೀತಾ ಇದೀನಿ. ನಾನು ಡಾಕ್ಟರಲ್ಲ, ಬಿಇ ಮಾಡಿದವನು. ಬಗ್ ಹುಡುಕೋದು ನನ್ನ ಕಸುಬು. ಆ ಕಣ್ಣಿನಿಂದಲೇ ನೋಡಿದ್ದೀನಿ.

ಮೊದಲು ಚರ್ಮದ ಲೆಕ್ಕ. ನಮ್ಮ ಚರ್ಮದ ಮೇಲ್ಪದರ ಸದಾ ಹೊಸದಾಗುತ್ತಲೇ ಇರುತ್ತದೆ. ಬುಡದಲ್ಲಿ ಹುಟ್ಟಿದ ಕೋಶ ನಿಧಾನಕ್ಕೆ ಮೇಲೆ ಬಂದು, ಚಪ್ಪಟೆಯಾಗಿ, ಸತ್ತು, ಉದುರೋದಕ್ಕೆ ಸುಮಾರು ಒಂದು ತಿಂಗಳು ಬೇಕು. ಸೋರಿಯಾಸಿಸ್ ಇರುವ ಜಾಗದಲ್ಲಿ ಇದೇ ಪ್ರಯಾಣ ಒಂದು ವಾರದೊಳಗೆ ಮುಗಿದುಹೋಗುತ್ತದೆ. ಕೋಶ ಬಲಿಯೋದಕ್ಕೆ ಸಮಯವೇ ಸಿಗೋದಿಲ್ಲ. ಮೇಲೆ ಬರುವ ಹೊತ್ತಿಗೆ ಕಳೆದುಕೊಂಡಿರಬೇಕಾದ ನ್ಯೂಕ್ಲಿಯಸ್ಸನ್ನು ಇನ್ನೂ ಹೊತ್ತುಕೊಂಡೇ ಬಂದಿರುತ್ತದೆ. ಟೆಸ್ಟಿಂಗ್ ಮುಗಿಯದ ಕೋಡನ್ನು ದಿನಾ ರಿಲೀಸ್ ಮಾಡಿದ ಹಾಗೆ. ಒಂದರ ಮೇಲೊಂದು ಪೇರಿಸಿ ನಿಂತ ಈ ಅರೆಬೆಂದ ಕೋಶಗಳೇ ಆ ಬಿಳಿ ಹೊಟ್ಟು.

ಇಷ್ಟು ನೋಡಿದರೆ ಯಾರಿಗಾದರೂ ಅನ್ನಿಸೋದು, ಬಗ್ ಇರೋದು ಚರ್ಮದ ಕೋಶದಲ್ಲೇ ಅಂತ. ವೈದ್ಯಲೋಕವೂ ಬಹಳ ಕಾಲ ಹಾಗೇ ನಂಬಿತ್ತು. ಕೋಶ ವಿಭಜನೆ ತಡೆಯುವ ಮೆಥೊಟ್ರೆಕ್ಸೇಟ್ ಕೊಟ್ಟರೆ ಕಡಿಮೆಯಾಗುತ್ತಿತ್ತು, ಹಾಗಾಗಿ ನಂಬಿಕೆ ಇನ್ನೂ ಗಟ್ಟಿಯಾಯಿತು. 1979ರಲ್ಲಿ ಒಂದು ಘಟನೆ ನಡೆಯಿತು. ಬೇರೆಯವರ ಅಂಗ ಕಸಿ ಮಾಡಿದಾಗ ದೇಹ ಅದನ್ನು ತಿರಸ್ಕರಿಸದಿರಲಿ ಅಂತ ಕೊಡುವ ಸೈಕ್ಲೋಸ್ಪೋರಿನ್ ಎಂಬ ಔಷಧಿಯನ್ನು ಸಂಧಿವಾತಕ್ಕೆ ಕೊಟ್ಟು ನೋಡುತ್ತಿದ್ದರು. ಆ ರೋಗಿಗಳಲ್ಲಿ ಸೋರಿಯಾಸಿಸ್ ಇದ್ದವರ ಚರ್ಮ ಬೇಗನೆ ತಿಳಿಯಾಗತೊಡಗಿತು. ಆ ಔಷಧಿ ಹಿಡಿದು ಕಟ್ಟುವುದು ಟಿ-ಕೋಶಗಳನ್ನು, ಅಂದರೆ ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳನ್ನು. ಫ್ರಂಟ್ ಎಂಡ್ ತಪ್ಪಾಗಿ ಕಾಣ್ತಿದೆ ಅಂತ ವರ್ಷಗಟ್ಟಲೆ ಅದನ್ನೇ ತಿದ್ದುತ್ತಿದ್ದವರಿಗೆ, ತಪ್ಪು ಡೇಟಾ ಹಿಂದಿನ ಸರ್ವರಿನಿಂದ ಬರ್ತಿದೆ ಅಂತ ಗೊತ್ತಾದ ಹಾಗೆ. ಕಡಿಮೆ ಪ್ರಮಾಣದ ಮೆಥೊಟ್ರೆಕ್ಸೇಟ್ ಕೂಡ ಮುಖ್ಯವಾಗಿ ಈ ಬಿಳಿ ರಕ್ತಕಣಗಳ ಮೇಲೇ ಕೆಲಸ ಮಾಡುತ್ತದೆ ಅಂತ ಆಮೇಲೆ ತಿಳಿಯಿತು. ಔಷಧಿ ಸರಿ ಇತ್ತು, ಅದು ಯಾಕೆ ಕೆಲಸ ಮಾಡ್ತಿದೆ ಅನ್ನೋ ವಿವರಣೆ ತಪ್ಪಿತ್ತು.

ಹಾಗಾದರೆ ಟಿ-ಕೋಶಗಳಿಗೆ ಚರ್ಮದಲ್ಲೇನು ಕೆಲಸ? ಅವು ಕಾವಲುಗಾರರು. ಚರ್ಮಕ್ಕೆ ಗಾಯವೋ ಸೋಂಕೋ ಆದಾಗ ಅಲ್ಲಿನ ಕೋಶಗಳು ಎಲ್‌ಎಲ್-37 ಅನ್ನುವ ಸಣ್ಣ ಪ್ರೊಟೀನನ್ನು ಹೊರಬಿಡುತ್ತವೆ. ಅದರ ಕೆಲಸ ಬ್ಯಾಕ್ಟೀರಿಯಾ ಕೊಲ್ಲೋದು. ಸತ್ತ ಕೋಶಗಳಿಂದ ಚೆಲ್ಲಿದ ನಮ್ಮದೇ ಡಿಎನ್‌ಎಯನ್ನು ದೇಹ ಸಾಮಾನ್ಯವಾಗಿ ಕಸ ಅಂತ ಗುಡಿಸಿಹಾಕುತ್ತದೆ. ಆದರೆ ಎಲ್‌ಎಲ್-37 ಆ ಡಿಎನ್‌ಎಗೆ ಅಂಟಿಕೊಂಡರೆ ನೋಡೋದಕ್ಕೆ ವೈರಸ್ಸಿನ ಹಾಗೆ ಕಾಣುತ್ತದೆ. 2007ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿಕೊಟ್ಟಿದ್ದು ಇದನ್ನೇ. ಡೆಂಡ್ರಿಟಿಕ್ ಕೋಶಗಳು ಅಂತ ಒಂದು ಜಾತಿ ಇದೆ, ನಮ್ಮ ಭಾಷೆಯಲ್ಲಿ ಮಾನಿಟರಿಂಗ್ ಸಿಸ್ಟಮ್. ಅವು ಹೌಹಾರಿ ಅಲಾರಂ ಒತ್ತುತ್ತವೆ. ಟಿಎನ್‌ಎಫ್, ಐಎಲ್-23 ಎಂಬ ಸಂದೇಶಗಳು ಹೊರಡುತ್ತವೆ. ಐಎಲ್-23 ಕೇಳಿದ ಟಿ-ಕೋಶಗಳು ಐಎಲ್-17 ಅನ್ನು ಸುರಿಯುತ್ತವೆ. ಐಎಲ್-17 ತಲುಪಿದ ಚರ್ಮದ ಕೋಶಗಳು ಗಡಿಬಿಡಿಯಲ್ಲಿ ಗೋಡೆ ಕಟ್ಟತೊಡಗುತ್ತವೆ, ಜೊತೆಗೆ ಇನ್ನಷ್ಟು ಎಲ್‌ಎಲ್-37 ಬಿಡುತ್ತವೆ, ಇನ್ನಷ್ಟು ಬಿಳಿ ರಕ್ತಕಣಗಳನ್ನು ಕರೆಯುತ್ತವೆ. ಅವರು ಬಂದು ಮತ್ತೆ ಅಲಾರಂ ಒತ್ತುತ್ತಾರೆ.

ನೋಡಿ, ಸುತ್ತು ಪೂರ್ತಿಯಾಯಿತು. ರಾತ್ರಿ ಎರಡು ಗಂಟೆಗೆ ಪ್ರೊಡಕ್ಷನ್ ಇಶ್ಯೂ ನೋಡಿದವರಿಗೆ ಇದು ಪರಿಚಿತ. ಒಂದು ಸರ್ವಿಸ್ ಫೇಲ್ ಆಗಿ ರಿಟ್ರೈ ಮಾಡುತ್ತದೆ, ಆ ರಿಟ್ರೈಗಳ ಭಾರಕ್ಕೆ ಇನ್ನೊಂದು ಫೇಲ್ ಆಗುತ್ತದೆ, ಅದೂ ರಿಟ್ರೈ ಮಾಡುತ್ತದೆ. ಮೊದಲ ತಪ್ಪು ಎಂದೋ ಸರಿಹೋಗಿರುತ್ತದೆ, ಬಿರುಗಾಳಿ ಮಾತ್ರ ನಿಂತಿರೋದಿಲ್ಲ. ನನ್ನ ಗಂಟಲು ನೋವು ಒಂದು ವಾರಕ್ಕೆ ಹೋಯಿತು. ಅದು ಎಬ್ಬಿಸಿದ ಗಲಾಟೆ ಇನ್ನೂ ಮೊಣಕೈ ಮೇಲಿದೆ.

ಅದೂ ಯಾವಾಗಲೂ ಅದೇ ಮೊಣಕೈ ಯಾಕೆ? ಎರಡು ಕಾರಣ. ಒಂದು, ಉಜ್ಜಿದ ಅಥವಾ ಗೀರಿದ ಜಾಗದಲ್ಲಿ ಸೋರಿಯಾಸಿಸ್ ಏಳುತ್ತದೆ. 19ನೇ ಶತಮಾನದಲ್ಲೇ ಜರ್ಮನಿಯ ಕೋಬ್ನರ್ ಎಂಬ ವೈದ್ಯ ಇದನ್ನು ಗುರುತಿಸಿದ್ದ. ದಿನವಿಡೀ ಟೇಬಲ್ಲಿಗೆ ಮೊಣಕೈ ಊರಿ ಕೂರುವ ನಮ್ಮ ಕೆಲಸ ಅದಕ್ಕೆ ಹೇಳಿಮಾಡಿಸಿದ್ದು. ಇನ್ನೊಂದು, ಪಟ್ಟೆ ಮಾಯವಾದ ಮೇಲೂ ಕೆಲವು ಟಿ-ಕೋಶಗಳು ಆ ಜಾಗ ಬಿಟ್ಟು ಹೋಗೋದಿಲ್ಲ. ಹಳೇ ನೆನಪು ಇಟ್ಟುಕೊಂಡು ಅಲ್ಲೇ ಬೀಡುಬಿಟ್ಟಿರುತ್ತವೆ. ಕ್ಲಿಯರ್ ಆಗದ ಕ್ಯಾಶ್ ಅನ್ನಿ. ಮುಲಾಮು ನಿಲ್ಲಿಸಿದ ಕೆಲವು ವಾರಕ್ಕೆ ಅದೇ ಜಾಗದಲ್ಲಿ, ಹೆಚ್ಚುಕಡಿಮೆ ಅದೇ ಆಕಾರದಲ್ಲಿ ಪಟ್ಟೆ ಮರಳಿ ಬರೋದು ಇದರಿಂದ. "ಬೇರುಸಹಿತ ಕಿತ್ತು ಹಾಕ್ತೀವಿ" ಅನ್ನುವ ಜಾಹೀರಾತುಗಳನ್ನು ನಂಬಬೇಡಿ ಅಂತ ಹೇಳೋದೂ ಇದಕ್ಕೇ. ಹತೋಟಿಗೆ ತರಬಹುದು, ವರ್ಷಗಟ್ಟಲೆ ಚರ್ಮ ತಿಳಿಯಾಗಿಯೂ ಇರಬಹುದು, ಆದರೆ ಪೂರ್ತಿ ಅಳಿಸಿಹಾಕುವ ಔಷಧಿ ಇನ್ನೂ ಬಂದಿಲ್ಲ.

ಮಾವನಿಗೂ ಅಂಥದ್ದೊಂದು ಪುಡಿ ಸಿಕ್ಕಿತ್ತು. ಊರೂರು ಸುತ್ತುವ ಒಬ್ಬ ಪಂಡಿತ ಕೊಟ್ಟಿದ್ದು. ಒಂದೇ ತಿಂಗಳಲ್ಲಿ ಮೈಯೆಲ್ಲ ನುಣ್ಣಗಾಯಿತು. ಮಾವ ಅರ್ಧ ತೋಳಿನ ಅಂಗಿ ಹೊಲಿಸಿದರು. ಪುಡಿ ಮುಗಿಯಿತು, ಪಂಡಿತ ಮತ್ತೆ ಊರಿಗೆ ಬರಲಿಲ್ಲ. ಮೂರು ವಾರಕ್ಕೆ ಅಡಿಯಿಂದ ಮುಡಿವರೆಗೆ ಮೈ ಕೆಂಪಾಗಿ, ಚಳಿಗೆ ನಡುಗುತ್ತಾ ಮಲಗಿದರು. ನನ್ನ ಡಾಕ್ಟರಿಗೆ ಈ ಕತೆ ಹೇಳಿದಾಗ ಅವರು, "ಪುಡಿಯಲ್ಲಿ ಸ್ಟೀರಾಯ್ಡ್ ಇದ್ದಿರಬೇಕು" ಅಂದರು. ಸೋರಿಯಾಸಿಸ್ ಇರುವವರು ಸ್ಟೀರಾಯ್ಡ್ ನುಂಗಿ ಥಟ್ಟನೆ ನಿಲ್ಲಿಸಿದರೆ ಹೀಗೇ ತಿರುಗಿಬೀಳುತ್ತದಂತೆ, ಜೀವಕ್ಕೂ ಅಪಾಯ ಆಗಬಹುದಂತೆ.

ಈಗ ಅಮ್ಮನ ಪ್ರಶ್ನೆಗೆ ಬರೋಣ. ಇದು ತವರುಮನೆಯಿಂದ ಬಂದಿದ್ದೇ?

ಜೀನ್‌ಗಳ ಪಾತ್ರ ಇದೆ, ಅದರಲ್ಲಿ ಅನುಮಾನವಿಲ್ಲ. ಅದರಲ್ಲಿ ದೊಡ್ಡ ಪಾತ್ರ ಆರನೇ ಕ್ರೋಮೋಸೋಮಿನಲ್ಲಿರುವ ಎಚ್‌ಎಲ್‌ಎ-ಸಿ ಜೀನಿನದ್ದು. ನಮ್ಮ ಪ್ರತಿಯೊಂದು ಕೋಶವೂ ತನ್ನೊಳಗೆ ಏನೇನು ತಯಾರಾಗ್ತಿದೆ ಅಂತ ಚೂರುಚೂರು ಪ್ರೊಟೀನನ್ನು ಹೊರಗೆ ತೋರಿಸುತ್ತಿರುತ್ತದೆ, ಅಂಗಡಿಯ ಶೋಕೇಸಿನ ಹಾಗೆ. ದಾರಿಯಲ್ಲಿ ಹೋಗುವ ಟಿ-ಕೋಶ ಅದನ್ನು ನೋಡಿ, ನಮ್ಮದೋ ಪರಕೀಯರದ್ದೋ ಅಂತ ತೀರ್ಮಾನಿಸುತ್ತದೆ. ಆ ಶೋಕೇಸೇ ಎಚ್‌ಎಲ್‌ಎ. ಅದರಲ್ಲಿ ನೂರಾರು ಮಾದರಿಗಳಿವೆ. ಎಚ್‌ಎಲ್‌ಎ-ಸಿ*06:02 ಎಂಬ ಮಾದರಿ ಇದ್ದವರಿಗೆ ಸೋರಿಯಾಸಿಸ್ ಸಂಭವ ಜಾಸ್ತಿ, ಅದೂ ಚಿಕ್ಕ ವಯಸ್ಸಿನಲ್ಲೇ ಶುರುವಾಗುವುದು ಜಾಸ್ತಿ. ಈ ಶೋಕೇಸಿನಲ್ಲಿ ನಮ್ಮದೇ ಚರ್ಮದ ಕೆಲವು ಪ್ರೊಟೀನುಗಳು ಟಿ-ಕೋಶದ ಕಣ್ಣಿಗೆ ಪರಕೀಯವಾಗಿ ಕಾಣುತ್ತವೆ ಅನ್ನುವುದಕ್ಕೆ ಪುರಾವೆಗಳಿವೆ. ಮೇಲೆ ಹೇಳಿದ ಎಲ್‌ಎಲ್-37 ಅವುಗಳಲ್ಲೊಂದು.

ಆದರೆ ಈ ಮಾದರಿ ಇರುವವರಲ್ಲಿ ಹೆಚ್ಚಿನವರಿಗೆ ಜೀವಮಾನದಲ್ಲಿ ಸೋರಿಯಾಸಿಸ್ ಬರೋದೇ ಇಲ್ಲ. ಇದು ಇಲ್ಲದ ಎಷ್ಟೋ ಜನರಿಗೆ ಬರುತ್ತದೆ. ಯಾಕಂದರೆ ಇದು ಒಂದೇ ಸ್ವಿಚ್ ಇರುವ ದೀಪ ಅಲ್ಲ. ಸೋರಿಯಾಸಿಸ್ಸಿಗೆ ಸಂಬಂಧಪಟ್ಟ ಜಾಗಗಳು ನಮ್ಮ ಜೀನೋಮಿನಲ್ಲಿ ಈಗಾಗಲೇ ನೂರಕ್ಕಿಂತ ಹೆಚ್ಚು ಪತ್ತೆಯಾಗಿವೆ. ಒಂದೊಂದರ ಪ್ರಭಾವವೂ ಚಿಕ್ಕದು. ಐಎಲ್-23ರ ಸಂದೇಶ ಕೇಳಿಸಿಕೊಳ್ಳುವ ಜೀನಿನಲ್ಲಿ ಒಂದೇ ಒಂದು ಅಕ್ಷರ ಬೇರೆಯಿದ್ದರೆ ಆ ಸಂದೇಶ ಮೆಲ್ಲಗೆ ಕೇಳುತ್ತದೆ, ಅಂಥವರಿಗೆ ಕಾಯಿಲೆಯ ಸಂಭವವೇ ಕಡಿಮೆ. ಇನ್ನು 2012ರಲ್ಲಿ ಪತ್ತೆಯಾದ ಕಾರ್ಡ್14 ಎಂಬ ಜೀನಿನದ್ದು ಬೇರೆ ಕತೆ. ಕೆಲವು ಅಪರೂಪದ ಕುಟುಂಬಗಳಲ್ಲಿ ಅದೊಂದೇ ಕೆಟ್ಟರೂ ಸಾಕು, ಚರ್ಮದ ಕೋಶವೇ ಸುಮ್ಮಸುಮ್ಮನೆ ಅಲಾರಂ ಒತ್ತತೊಡಗುತ್ತದೆ. ಅಂದರೆ ಫ್ರಂಟ್ ಎಂಡನ್ನು ಪೂರ್ತಿ ನಿರಪರಾಧಿ ಅಂತಲೂ ಬಿಡುವ ಹಾಗಿಲ್ಲ.

ನನಗೆ ತುಂಬಾ ನಾಟಿದ್ದು ಅವಳಿಗಳ ವಿಷಯ. ತದ್ರೂಪಿ ಅವಳಿಗಳ ಜೀನ್ ಹೆಚ್ಚುಕಡಿಮೆ ಒಂದೇ. ಜೀನೇ ಎಲ್ಲ ಆಗಿದ್ದರೆ ಒಬ್ಬರಿಗೆ ಬಂದರೆ ಇನ್ನೊಬ್ಬರಿಗೂ ಬರಲೇಬೇಕಿತ್ತು. ಹಾಗಾಗೋದಿಲ್ಲ. ಬೇರೆ ಬೇರೆ ಅಧ್ಯಯನಗಳಲ್ಲಿ ಇಬ್ಬರಿಗೂ ಬಂದಿರುವ ಪ್ರಮಾಣ ಶೇಕಡಾ 35ರಿಂದ 70ರ ಆಸುಪಾಸಿನಲ್ಲಿದೆ. ಉಳಿದಿದ್ದನ್ನು ತೀರ್ಮಾನಿಸೋದು ಗಂಟಲಿನ ಸ್ಟ್ರೆಪ್ಟೊಕಾಕಸ್ ಸೋಂಕು, ಸಿಗರೇಟು, ಕುಡಿತ, ಬೊಜ್ಜು, ಕೆಲವು ಮಾತ್ರೆಗಳು, ಮಾನಸಿಕ ಒತ್ತಡ, ಮತ್ತು ಸುಮ್ಮನೆ ಅದೃಷ್ಟ.

ಇದನ್ನೆಲ್ಲ ಒಂದು ದೀಪಾವಳಿ ರಜೆಯಲ್ಲಿ ಅಮ್ಮನಿಗೆ ವಿವರಿಸಿದೆ. ನೂರಕ್ಕೂ ಹೆಚ್ಚು ಜೀನ್ ಜಾಗಗಳಿವೆ, ಅರ್ಧ ಅಪ್ಪನಿಂದ ಅರ್ಧ ನಿನ್ನಿಂದ ಬಂದಿದ್ದು, ಅಪ್ಪನ ಕಡೆಯಿಂದ ಬಂದಿದ್ದೂ ಇದರಲ್ಲಿ ಇರಲೇಬೇಕು ಅಂದೆ. ಪೇಪರ್ ಓದುತ್ತಿದ್ದ ಅಪ್ಪ ತಲೆ ಎತ್ತಿ, "ನನ್ನನ್ಯಾಕೋ ಎಳೀತೀಯ ಮಧ್ಯಕ್ಕೆ" ಅಂದರು. ಅಮ್ಮ ನಕ್ಕಳು. ಈ ವಿಷಯ ಮಾತಾಡುವಾಗ ಅವಳು ನಕ್ಕಿದ್ದು ನಾನು ನೋಡಿದ್ದು ಅದೇ ಮೊದಲು. ಆಮೇಲೆ ಅವಳದ್ದೇ ರೀತಿಯಲ್ಲಿ ಅರ್ಥ ಮಾಡಿಕೊಂಡಳು: "ಅಂದ್ರೆ ಕಾಫಿ ಗಿಡದ ಥರ. ಮೊಗ್ಗಿದ್ರೆ ಸಾಲದು, ಹೂಮಳೆನೂ ಬೀಳ್ಬೇಕು ಅನ್ನು."

ಅದಕ್ಕಿಂತ ಚೆನ್ನಾಗಿ ನನಗೂ ಹೇಳೋಕೆ ಬರಲ್ಲ.

ಇನ್ನೂ ಒಂದು ಮಾತು ಅವಳಿಗೆ ಹೇಳಿದೆ. ಈ ಜೀನ್‌ಗಳನ್ನು ಕೆಟ್ಟವು ಅಂತ ಕರೆಯೋದು ಕಷ್ಟ. ಸೋರಿಯಾಸಿಸ್ ಪಟ್ಟೆ ಬಿರುಕು ಬಿಟ್ಟು ರಕ್ತ ಒಸರಿದರೂ ಅಲ್ಲಿ ಕೀವಾಗೋದು ಅಪರೂಪ, ಯಾಕಂದರೆ ಬ್ಯಾಕ್ಟೀರಿಯಾ ಕೊಲ್ಲುವ ಪ್ರೊಟೀನುಗಳು ಅಲ್ಲಿ ರಾಶಿ ಬಿದ್ದಿರುತ್ತವೆ. ಕಾವಲು ಜಾಸ್ತಿಯಾಗಿರುವ ಮನೆ ಅದು. ನಾಯಿ ಕಳ್ಳರಿಗೂ ಬೊಗಳುತ್ತದೆ, ಮನೆಯವರಿಗೂ ಬೊಗಳುತ್ತದೆ.

ಈ ಸುತ್ತು ಅರ್ಥವಾದದ್ದರಿಂದ ಔಷಧಿಗಳೂ ಬದಲಾದವು. ಎಲ್ಲ ಕಾವಲುಗಾರರನ್ನೂ ಮಲಗಿಸುವ ಬದಲು ಒಂದೇ ಸಂದೇಶವನ್ನು ತಡೆದರೆ ಸಾಕು ಅಂತಾಯಿತು. ಇಲ್ಲೂ ಒಂದು ತಮಾಷೆ ಇದೆ. ಐಎಲ್-12 ಅನ್ನು ಅಪರಾಧಿ ಅಂದುಕೊಂಡು ಅದರ ಒಂದು ತುಂಡನ್ನು ಹಿಡಿಯುವ ಔಷಧಿ ಸಿದ್ಧಪಡಿಸುತ್ತಿದ್ದರು. 2000ದಲ್ಲಿ ಐಎಲ್-23 ಪತ್ತೆಯಾದಾಗ ಗೊತ್ತಾಯಿತು, ಆ ತುಂಡು ಎರಡಕ್ಕೂ ಸೇರಿದ್ದು, ನಿಜವಾದ ಅಪರಾಧಿ ಎರಡನೆಯದು ಅಂತ. ಈಗ ಟಿಎನ್‌ಎಫ್, ಐಎಲ್-17, ಐಎಲ್-23 ಒಂದೊಂದನ್ನೂ ತಡೆಯುವ ಇಂಜೆಕ್ಷನ್‌ಗಳಿವೆ. ನಮ್ಮ ಬೆಂಗಳೂರಿನ ಬಯೋಕಾನ್ ಕೂಡ 2013ರಲ್ಲಿ ಇಟೊಲಿಜುಮ್ಯಾಬ್ ಅನ್ನುವುದನ್ನು ಮಾರುಕಟ್ಟೆಗೆ ತಂದಿತು. ಅದು ಟಿ-ಕೋಶದ ಮೇಲಿನ ಸಿಡಿ6 ಎಂಬ ಗುಬ್ಬಿಯನ್ನು ಹಿಡಿಯುತ್ತದೆ. ಇವುಗಳ ಖರ್ಚು ಎಲ್ಲರ ಕೈಗೂ ಎಟುಕುವಂಥದ್ದಲ್ಲ, ಹಾಗೂ ಶುರುಮಾಡುವ ಮೊದಲು ಒಳಗೆ ಅಡಗಿ ಕೂತ ಟಿಬಿ ಇದೆಯಾ ಅಂತ ಪರೀಕ್ಷೆ ಮಾಡಿಸಬೇಕು. ಕಾವಲು ಸಡಿಲಿಸಿದಾಗ ಅದು ಎದ್ದು ಬರಬಹುದು.

ನಾನು ಕೆಲವು ವರ್ಷ ವಾರಕ್ಕೊಂದು ಮೆಥೊಟ್ರೆಕ್ಸೇಟ್ ತೆಗೆದುಕೊಂಡೆ. ವಾರಕ್ಕೊಂದು ದಿನ ಮಾತ್ರ, ದಿನಾ ಅಲ್ಲ. ಈ ಮಾತ್ರೆಯಲ್ಲಿ ಆ ಒಂದು ಗೊಂದಲ ಪ್ರಾಣಕ್ಕೇ ಕುತ್ತು. ಮಗುವಿನ ಯೋಚನೆ ಬಂದಾಗ ಮೊದಲೇ ಡಾಕ್ಟರಿಗೆ ಹೇಳಿದೆವು, ಅವರು ಅದನ್ನು ನಿಲ್ಲಿಸಿ ಬೆಳಕಿನ ಚಿಕಿತ್ಸೆಗೆ ಹಾಕಿದರು. ಆಫೀಸಿಗೆ ಹೋಗುವ ಮುಂಚೆ ವಾರಕ್ಕೆ ಮೂರು ದಿನ, 311 ನ್ಯಾನೋಮೀಟರ್ ತರಂಗದ ನೇರಳಾತೀತ ದೀಪಗಳ ನಡುವೆ ನಿಲ್ಲೋದು. ಆ ಬೆಳಕಿಗೆ ಚರ್ಮದಲ್ಲಿರುವ ಟಿ-ಕೋಶಗಳು ಸಾಯುತ್ತವೆ. ಅಲ್ಲಿ ನಿಂತಾಗ ನೆನಪಾಗಿದ್ದು ಮಾವ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಅವರು ದಿನವಿಡೀ ಕಣದಲ್ಲಿ ಕಾಫಿ ಒಣಗಿಸುತ್ತಾ ಬರೀ ಮೈಯಲ್ಲಿ ಬಿಸಿಲಿಗೆ ಕೂರುತ್ತಿದ್ದರು. ಬೇಸಿಗೆ ಹೊತ್ತಿಗೆ ಕೈ ಬೆನ್ನು ತಿಳಿಯಾಗುತ್ತಿತ್ತು, ಮಳೆಗಾಲ ಹಿಡಿದರೆ ಮತ್ತೆ ಎಲ್ಲ ಏಳುತ್ತಿತ್ತು. ಅವರಿಗೆ ಸಿಕ್ಕಿದ ಒಂದೇ ಸರಿಯಾದ ಚಿಕಿತ್ಸೆ ಆ ಬಿಸಿಲು, ಅದನ್ನು ಯಾರೂ ಬರೆದುಕೊಟ್ಟಿರಲಿಲ್ಲ.

ಮಗಳಿಗೀಗ ಒಂದೂವರೆ ವರ್ಷ. ಜೆನೆಟಿಕ್ ಟೆಸ್ಟ್ ಮಾಡಿಸೋಣವಾ ಅಂತ ಹೆಂಡತಿ ಕೇಳಿದ್ದಳು. "ಮಾಡಿಸಿ ಏನು ಮಾಡ್ತೀರಿ?" ಅಂತ ಡಾಕ್ಟರು ತಿರುಗಿ ಕೇಳಿದರು. ಇದೆ ಅಂದರೆ ಬಂದೇ ಬರುತ್ತದೆ ಅಂತಲ್ಲ, ಇಲ್ಲ ಅಂದರೆ ಬರೋದೇ ಇಲ್ಲ ಅಂತಲೂ ಅಲ್ಲ. ತಂದೆ ತಾಯಿಯಲ್ಲಿ ಒಬ್ಬರಿಗಿದ್ದರೆ ಮಗುವಿಗೆ ಸಂಭವ ಬೇರೆಯವರಿಗಿಂತ ಹೆಚ್ಚು, ಆದರೂ ಬಾರದಿರುವ ಸಾಧ್ಯತೆಯೇ ಜಾಸ್ತಿ. ಮದುವೆಗೆ ಮುಂಚೆ ಅವಳು ಕೇಳಿದ್ದ ಎರಡನೇ ಪ್ರಶ್ನೆಗೆ ನನ್ನ ಹತ್ತಿರ ಇರುವ ಉತ್ತರ ಇಷ್ಟು. ಟೆಸ್ಟ್ ಮಾಡಿಸಲಿಲ್ಲ.

ಅವಳಿಗೆ ಬಂದರೂ ಬರಬಹುದು. ಬಂದರೆ ಮೊದಲ ವಾರದಲ್ಲೇ ಅದಕ್ಕೆ ಸರಿಯಾದ ಹೆಸರು ಸಿಗುತ್ತದೆ, ಹೆಸರು ಗೊತ್ತಿರುವ ಡಾಕ್ಟರೂ ಸಿಗುತ್ತಾರೆ. ಗಂಟು ನೋವು ಬಂದರೆ ಅದಕ್ಕೂ ಇದಕ್ಕೂ ಸಂಬಂಧ ಇರಬಹುದು ಅಂತ ಮನೆಯಲ್ಲಿ ಎಲ್ಲರಿಗೂ ಗೊತ್ತಿರುತ್ತದೆ. ಸೋರಿಯಾಸಿಸ್ಸೇ ಬೇರೆ, ಕುಷ್ಠವೇ ಬೇರೆ ಅಂತ ಹೆಬ್ರಾ ಎಂಬ ವೈದ್ಯ ವಿಯೆನ್ನಾದಲ್ಲಿ ಸ್ಪಷ್ಟವಾಗಿ ಬೇರ್ಪಡಿಸಿದ್ದು 1841ರಲ್ಲಿ. ಆ ಸುದ್ದಿ ನಮ್ಮೂರಿಗೆ ಮಾವನ ಕಾಲಕ್ಕೂ ಬಂದು ಮುಟ್ಟಿರಲಿಲ್ಲ. ಅವರು 61ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ಲೋಟ ಕೊನೆಯವರೆಗೂ ಜಗುಲಿಯ ಮೂಲೆಯಲ್ಲೇ ಇತ್ತು.